ಗೋದಾಮಿನ ಸ್ಟಾಕ್ ಇಳಿಯಿತು, ಭಾರ ಯಾರ ಹೆಗಲಿಗೆ?

ಬೆಳಗಾವಿ: ಒಂದು ವಾರ ‘ಓಟಿ ಮಾಡ್ರಿ’ ಅಂತಾರ, ಮುಂದಿನ ವಾರ ‘ಎರಡು ದಿನ ಬರಬ್ಯಾಡ್ರಿ’ ಅಂತಾರ. ಉದ್ಯಮಬಾಗ್, ಮಚ್ಛೆ ಕಡೆಯ ಫೌಂಡ್ರಿ, ಮಷಿನ್ ಶಾಪ್‌ಗಳಿಗೆ ಖಾನಾಪುರ ಕಡೆಯಿಂದ ಬರುವ ಕಾರ್ಮಿಕರಿಗೆ ಇಂಥ ಮಾತು ಹೊಸದಲ್ಲ. ಎಲ್ಲ ಸಲ ಇದು ಮಾಲೀಕರ ಮರ್ಜಿ ಅಂತ ಹೇಳಲಾಗದು. ಇದರ ಹಿಂದೆ ‘ಜಸ್ಟ್ ಇನ್ ಟೈಮ್’ ಎಂಬ ಲೆಕ್ಕವೂ ಇರುತ್ತದೆ.

ಹಾಗಂದ್ರ ಏನು?

ಕಿರಾಣಿ ಅಂಗಡಿಯವರಿಗೆ ಇದು ಗೊತ್ತಿದ್ದದ್ದೇ. ಅಕ್ಕಿ ಚೀಲ ತಿಂಗಳಿಗಾಗುವಷ್ಟು ಇಡ್ತಾರ. ಹಾಲಿನ ಪಾಕೀಟು ಮಾತ್ರ ಅಂದಂದಿಗೆ ಖರ್ಚಾಗುವಷ್ಟೇ ತರಿಸ್ತಾರ. ಕಾರ್ಖಾನೆಯಲ್ಲಿ ಪ್ರತಿ ಬಿಡಿಭಾಗವನ್ನೂ ಹಾಲಿನಂತೆ ನೋಡುವುದೇ ಈ ಪದ್ಧತಿ: ಬೇಕಾದದ್ದು, ಬೇಕಾದಾಗ, ಬೇಕಾದಷ್ಟು. ಮುಂದಿನ ವಿಭಾಗದಿಂದ ಖಾಲಿ ಡಬ್ಬಿ, ಅದರ ಜೊತೆ ಒಂದು ಚೀಟಿ ಬಂದರೆ ಮಾತ್ರ ಹಿಂದಿನವರು ಮಾಲು ಮಾಡಬೇಕು. ಆ ಚೀಟಿಗೆ ಜಪಾನಿನಲ್ಲಿ ‘ಕಾನ್‌ಬಾನ್’ ಅಂತಾರೆ.

ಎರಡನೇ ಮಹಾಯುದ್ಧದ ನಂತರ ಟೊಯೊಟಾ ಕಂಪನಿಯ ಇಂಜಿನಿಯರ್ ತಾಯ್ಚಿ ಓನೊ ಇದನ್ನು ಬೆಳೆಸಿದರು. ಕರ್ನಾಟಕಕ್ಕೆ ಟೊಯೊಟಾ ಬಂದದ್ದು 1997ರಲ್ಲಿ, ಕಿರ್ಲೋಸ್ಕರ್ ಜೊತೆ ಸೇರಿ, ಬಿಡದಿಗೆ. ಅದೇ ಕಿರ್ಲೋಸ್ಕರ್ ಮನೆತನದ ಉದ್ಯಮ 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಶುರುವಾಯಿತು.

ಲಾಭ ಉಂಟು, ಅಪಾಯವೂ ಉಂಟು

ಸ್ಟಾಕ್ ಕಡಿಮೆಯಾದರೆ ರೊಕ್ಕ ಗೋದಾಮಿನಲ್ಲಿ ಕೊಳೆಯುವುದಿಲ್ಲ. ತಪ್ಪೂ ಬೇಗ ಸಿಗುತ್ತದೆ. ಕಾಸ್ಟಿಂಗ್‌ನಲ್ಲಿ ಗಾಳಿತೂತು ಇದ್ದರೆ ಅಂದೇ ಮಷಿನ್ ಶಾಪ್‌ನಲ್ಲಿ ಕಾಣುತ್ತದೆ, ಸಾವಿರಾರು ನಗ ಕೆಡುವ ಮೊದಲೇ ಕೆಲಸ ನಿಲ್ಲಿಸಬಹುದು.

ಆದರೆ ಕೈಯಲ್ಲಿ ಸ್ಟಾಕ್ ಇಲ್ಲದಾಗ ಸಣ್ಣ ಅಡಚಣೆಯೂ ದೊಡ್ಡದಾಗುತ್ತದೆ. 1997ರ ಫೆಬ್ರುವರಿ 1ರಂದು ಜಪಾನಿನಲ್ಲಿ ಬ್ರೇಕಿನ ಒಂದು ಸಣ್ಣ ವಾಲ್ವ್ ಮಾಡುವ ಕಾರ್ಖಾನೆಗೆ ಬೆಂಕಿ ಬಿತ್ತು. ಅಷ್ಟಕ್ಕೇ ಟೊಯೊಟಾದ ಬಹುತೇಕ ಘಟಕಗಳು ಕೆಲ ದಿನ ನಿಂತವು.

ದೊಡ್ಡ ಕಂಪನಿ ಸ್ಟಾಕ್ ಇಡುವುದಿಲ್ಲ ಅಂದರೆ ಅದನ್ನು ಬೇರೆ ಯಾರಾದರೂ ಇಡಬೇಕಾಗಬಹುದು. ಸಣ್ಣ ಫೌಂಡ್ರಿಯವರು ತಮ್ಮ ರೊಕ್ಕದಲ್ಲಿ ಮಾಲು ಮಾಡಿಟ್ಟು, ಕರೆ ಬಂದಾಗ ಕಳಿಸಿದರೆ ಅದು ಭಾರ ಇಳಿಸಿದ್ದಲ್ಲ, ದಾಟಿಸಿದ್ದು. ಬಿಲ್ಲು ಬರುವುದು ತಡವಾದರೆ ಪಗಾರ ತಡ. ಪಗಾರ ತಡವಾದರೆ ಖಾನಾಪುರ ಪೇಟೆಯ ಉದ್ರಿ ಪುಸ್ತಕ ದಪ್ಪಾಗ್ತದ. ಸ್ಟಾಕ್ ಕೊನೆಗೆ ಬಂದು ಕೂಡುವುದು ಅಂಗಡಿಕಾರರ ಲೆಕ್ಕದೊಳಗ!

ಕಾನೂನು ಏನು ಹೇಳ್ತದ?

ಕಿರು, ಸಣ್ಣ ಉದ್ಯಮಗಳಿಗೆ ಕರಾರು ಇದ್ದರೂ 45 ದಿನದೊಳಗೆ, ಕರಾರು ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ಕಾರ್ಖಾನೆಯಲ್ಲಿ ಓಟಿಗೆ ದುಪ್ಪಟ್ಟು ಕೂಲಿ. 50 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸತತ ದುಡಿದವರನ್ನು ಕೆಲಸವಿಲ್ಲವೆಂದು ಕೂಡಿಸಿದರೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ ಇದೆ. ಬದಲಿ, ಕ್ಯಾಶುವಲ್ ಕಾರ್ಮಿಕರಿಗೆ ಇದು ಸಿಗುವುದಿಲ್ಲ.

ಹಾಗಾಗಿ ಕಾರ್ಮಿಕರಿಗೆ ‘ಜಸ್ಟ್ ಇನ್ ಟೈಮ್’ ತರಬೇತಿ ಕೊಡುವಾಗ ಚೀಟಿ, ಡಬ್ಬಿಯ ಪಾಠ ಅಷ್ಟೇ ಸಾಲದು. ಮುಂದಿನ ವಾರ ಎಷ್ಟು ಪಾಳಿ ಇದೆ ಎಂಬುದನ್ನು ಮೊದಲೇ ಫಲಕದ ಮೇಲೆ ಬರೆದರೆ ಖಾನಾಪುರದಿಂದ ಬರುವವರಿಗೆ ಬಸ್ಸಿನ ಖರ್ಚಾದರೂ ಉಳಿದೀತು. ಮಾಲು ವೇಳೆಗೆ ಸರಿಯಾಗಿ ಮುಟ್ಟಬೇಕು ಎಂಬ ನಿಯಮ ಬಿಲ್ಲಿಗೂ ಪಗಾರಕ್ಕೂ ಅನ್ವಯಿಸಬೇಕಲ್ಲವೇ?