ಆಟದ ಚಿಕಿತ್ಸೆ: ಕಾರ್ಯಾಗಾರ ಸಾಲದು

ಆರು ವರ್ಷದ ಮಗು ಗೊಂಬೆಯನ್ನು ಮರಳಿನಲ್ಲಿ ಹೂಳುತ್ತದೆ, ತೆಗೆಯುತ್ತದೆ, ಮತ್ತೆ ಹೂಳುತ್ತದೆ. ತರಬೇತಿ ಇಲ್ಲದವರು ಕೂಡಲೇ ‘ಯಾಕೆ ಹಾಗೆ ಮಾಡ್ತೀಯ?’ ಎಂದು ಕೇಳುತ್ತಾರೆ. ಮಗು ಆಟ ನಿಲ್ಲಿಸಿಬಿಡುತ್ತದೆ. ಪಳಗಿದವರು ‘ಗೊಂಬೆ ಮತ್ತೆ ಒಳಗೆ ಹೋಯ್ತು’ ಎಂದಷ್ಟೇ ಹೇಳಿ ಕಾಯುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಆಕ್ಸ್‌ಲೈನ್ ಆಟದ ಚಿಕಿತ್ಸೆ ಕುರಿತ 1947ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ: ದಾರಿ ತೋರುವುದು ಮಗು, ಚಿಕಿತ್ಸಕರು ಅದರ ಹಿಂದೆ ಹೋಗಬೇಕು, ಅವಸರಿಸಬಾರದು.

ಈ ಸಂಯಮ ಉಪನ್ಯಾಸ ಕೇಳಿ ಬರುವಂಥದ್ದಲ್ಲ. ಪ್ರಮಾಣಪತ್ರ ಹಂಚುವ ಒಂದೆರಡು ದಿನದ ಕಾರ್ಯಾಗಾರಗಳಿಂದಂತೂ ಖಂಡಿತ ಬಾರದು. ಕಲಿಯುವವರು ಮಕ್ಕಳೊಂದಿಗೆ ತಿಂಗಳುಗಟ್ಟಲೆ ಕೂರಬೇಕು, ಅನುಭವಿಗಳು ಗಮನಿಸಿ ತಿದ್ದಬೇಕು. ಇಂಥ ತರಬೇತಿಗೆ ನೆಲೆ ದೂರ ಹುಡುಕಬೇಕಿಲ್ಲ: ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯಕ್ಕೆ ಪ್ರತ್ಯೇಕ ವಿಭಾಗವೇ ಇದೆ. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ನಮ್ಮ ಬಳ್ಳಾರಿಯೇ ಮಾದರಿ. ಆ ಕಾರ್ಯಕ್ರಮದ ಮನಶ್ಶಾಸ್ತ್ರಜ್ಞರಿಗೂ ಸಮಾಜ ಕಾರ್ಯಕರ್ತರಿಗೂ ಈ ತರಬೇತಿಯನ್ನು ಸರ್ಕಾರ ಕಡ್ಡಾಯ ಮಾಡಲಿ. ಸಾಮಗ್ರಿಯ ಖರ್ಚು ದೊಡ್ಡದಲ್ಲ: ಜಿಲ್ಲಾಸ್ಪತ್ರೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಚಾಪೆ, ಮರಳಿನ ತಟ್ಟೆ, ಅಡುಗೆ ಆಟದ ಸಾಮಾನು, ಚನ್ನಪಟ್ಟಣದ ನಾಲ್ಕು ಗೊಂಬೆ. ದುಬಾರಿಯಾದದ್ದು ತಿದ್ದುವವರ ಸಮಯ. ಬಜೆಟ್‌ನಲ್ಲಿ ಮೊದಲು ಅದಕ್ಕೆ ಹಣ ತೆಗೆದಿಡಬೇಕು.