ಪರನಾಡಿನಲ್ಲಿ ಒಂದು ಮನೆ

ಒಡ್ಡನ್‌ಛತ್ರಂನ ತರಕಾರಿ ಪೇಟೆಯಿಂದ ಕೇರಳದ ಕಡೆಗೆ ಹೊರಡುವ ಲಾರಿಗಳನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ನಮ್ಮವರು ಬೆಳೆದ ನುಗ್ಗೆ, ಬದನೆ, ಟೊಮೇಟೊಗಳು ಗಡಿ ದಾಟಿ ಅಲ್ಲಿಯ ಅಡುಗೆಮನೆಗಳನ್ನು ಸೇರುತ್ತವೆ. ಅದೇ ಗಡಿಯನ್ನು ದಾಟಿ ಈ ಕಡೆಗೆ ಬಂದವರೂ ಉಂಟು. 1955ರಲ್ಲಿ ಡಾ. ಎ. ಕೆ. ತರಿಯನ್ ಮತ್ತು ಡಾ. ಜೇಕಬ್ ಚೆರಿಯನ್ ಎಂಬ ಮಲಯಾಳಿ ವೈದ್ಯರಿಬ್ಬರು ಈ ಊರಿನಲ್ಲಿ ಆಸ್ಪತ್ರೆಯೊಂದನ್ನು ತೆರೆದರು. ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆಯೆಂಬ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಮುಂದೆ ಡಾ. ಜೇಕಬ್ ಚೆರಿಯನ್ ಅವರೂ ಅವರ ಪತ್ನಿ ಡಾ. ಮೇರಿ ಚೆರಿಯನ್ ಅವರೂ ಸಮೀಪದ ಅಂಬಿಲಿಕ್ಕೈಯಲ್ಲಿ ಸೇವೆಯನ್ನು ಮುಂದುವರಿಸಿದರು.

ಆಸ್ಪತ್ರೆಗಳ ಚರಿತ್ರೆಯನ್ನು ಬರೆಯುವವರು ಹಾಸಿಗೆಗಳ ಸಂಖ್ಯೆಯನ್ನು ಬರೆಯುತ್ತಾರೆ, ಕಟ್ಟಡಗಳ ವರ್ಷವನ್ನು ಬರೆಯುತ್ತಾರೆ. ಪರಭಾಷೆಯ ಊರಿನಲ್ಲಿ ಗಂಡಹೆಂಡಿರು ಮನೆ ಹೂಡಿ, ಬೆಳಗಿನ ಹಾಲಿನಿಂದ ರಾತ್ರಿಯ ದೀಪದವರೆಗೆ ಹೇಗೆ ಬಾಳಿದರೆಂಬುದು ಆ ಪುಟಗಳಲ್ಲಿ ಸಿಗುವುದು ಅಪರೂಪ. ಸೇವೆಗೆಂದು ದೂರದೇಶಕ್ಕೆ ಹೋದ ದಂಪತಿಗಳ, ಅದರಲ್ಲಿಯೂ ಹಿರಿಯರಾದವರ ದಿನನಿತ್ಯದ ಜೀವನವನ್ನು ಈ ತಿಂಗಳು ಓದುಗರ ಮುಂದಿಡಬೇಕೆಂದು ನಮಗೆ ತೋರಿದೆ. ಶಿಕ್ಷಕ ತರಬೇತಿಯಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು ಇದು: ಮಗುವನ್ನು ತರಗತಿಯಲ್ಲಿ ಅಳೆಯುವ ಮುನ್ನ ಅದರ ಮನೆಯನ್ನು ತಿಳಿದುಕೊಳ್ಳಬೇಕು. ದೊಡ್ಡವರ ಕಾರ್ಯಕ್ಕೂ ಈ ಮಾತು ಸಲ್ಲುತ್ತದೆ.

ಒಡ್ಡನ್‌ಛತ್ರಂನ ದಕ್ಷಿಣಕ್ಕೆ ಪಳನಿ ಬೆಟ್ಟಸಾಲು ನಿಂತಿದೆ. ಅದರ ನೆತ್ತಿಯ ಮೇಲಿನ ಕೊಡೈಕಾನಲ್ ಇಂದು ವಿಹಾರದ ಊರು. ಅದು ಹುಟ್ಟಿದ ಕಾರಣ ಮಾತ್ರ ವಿಹಾರವಲ್ಲ. 1834ರಲ್ಲಿ ಮಧುರೆಯಲ್ಲಿ ಕಾರ್ಯವನ್ನಾರಂಭಿಸಿದ ಅಮೆರಿಕನ್ ಮಿಷನರಿಗಳು ಮರುವರ್ಷವೇ ದಿಂಡುಕ್ಕಲ್ಲಿಗೆ ಬಂದರು. ಬಯಲುಸೀಮೆಯ ಜ್ವರ ಮತ್ತು ಕಾಲರಾಗಳಿಗೆ ಅವರ ಮನೆಗಳಲ್ಲಿ ಹೆಂಗಸರೂ ಮಕ್ಕಳೂ ತುತ್ತಾದರು. ಆಗ ಅವರು ಬೆಟ್ಟದ ಮೇಲಿನ ತಂಪನ್ನು ಅರಸಿ ಹೋಗಿ 1845ರಲ್ಲಿ ಎರಡು ಬಂಗಲೆಗಳನ್ನು ಕಟ್ಟಿದರು. ಊರಿನ ಮೊದಲ ಕಲ್ಲು ಅದೇ. ಗಾಡಿಯ ಹಾದಿಯಾದದ್ದು 1914ರಲ್ಲಿ. ಅಲ್ಲಿಯವರೆಗೆ ತಾಯಿಮಕ್ಕಳನ್ನೂ ಅವರ ಪಾತ್ರೆಪಗಡಿಗಳನ್ನೂ ಮೇಲಕ್ಕೆ ಹೊತ್ತವು ನಮ್ಮ ಬೆಟ್ಟದಡಿಯ ಕೂಲಿಯಾಳುಗಳ ಹೆಗಲುಗಳು. ಅವರ ಹೆಸರುಗಳೂ ಯಾವ ವರದಿಯಲ್ಲಿಯೂ ಎದ್ದು ಕಾಣವು.

ರೋಗದ ನಂತರದ ದೊಡ್ಡ ಚಿಂತೆ ಮಕ್ಕಳ ವಿದ್ಯಾಭ್ಯಾಸ. ವಯಸ್ಸಿಗೆ ಬಂದ ಮಕ್ಕಳನ್ನು ಸ್ವದೇಶಕ್ಕೆ ಕಳುಹಿಸಿ, ತಂದೆತಾಯಿ ಇಲ್ಲಿ ಉಳಿಯುವುದು ವಾಡಿಕೆಯಾಗಿತ್ತು. ಈ ಅಗಲಿಕೆಯನ್ನು ತಗ್ಗಿಸಲೆಂದೇ 1901ರಲ್ಲಿ ಕೊಡೈಕಾನಲ್ಲಿನಲ್ಲಿ ಮಿಷನರಿಗಳ ಮಕ್ಕಳಿಗಾಗಿ ಶಾಲೆ ತೆರೆಯಿತು. ಕನ್ನಡ ಕರಾವಳಿಯಲ್ಲಿ ಕೆಲಸ ಮಾಡಿದ ಬಾಸೆಲ್ ಮಿಷನ್ನಿನವರ ಪದ್ಧತಿ ಇನ್ನೂ ಕಠಿನ. ಮದುವೆಗೆ ಬಾಸೆಲ್ ನಗರದ ಸಮಿತಿಯ ಅನುಮತಿ ಬೇಕು. ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ, 1853ರಲ್ಲಿ ಅಲ್ಲಿ ಆರಂಭವಾದ ಮಕ್ಕಳ ನಿಲಯಕ್ಕೆ ಹಡಗನ್ನೇರಬೇಕು. ತಲಶ್ಶೇರಿಯಲ್ಲಿ ನೆಲೆಸಿದ್ದ ಹರ್ಮನ್ ಗುಂಡರ್ಟ್ ಮತ್ತು ಜೂಲಿ ದಂಪತಿಗಳ ಮಗಳು ಮೇರಿ 1842ರಲ್ಲಿ ಅಲ್ಲಿಯೇ ಹುಟ್ಟಿದವಳು. ಬಾಲ್ಯದಲ್ಲಿಯೇ ಅವಳನ್ನು ಯೂರೋಪಿನಲ್ಲಿ ಬಿಟ್ಟು ತಾಯಿ ಮರಳಿ ಮಲಬಾರಿಗೆ ಬಂದರು. ಇಲ್ಲಿ ಊರಿನ ಹೆಣ್ಣುಮಕ್ಕಳನ್ನು ಕೂಡಿಸಿ ಓದು ಹೇಳಿದರು. ತನ್ನ ಮಗಳನ್ನು ದೂರ ಬಿಟ್ಟು ಪರರ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದ ಆ ತಾಯಿಯ ಒಂದು ದಿನ ಹೇಗಿದ್ದಿರಬಹುದೆಂದು ನಮ್ಮ ಸೋದರಿಯರು ಒಮ್ಮೆ ಯೋಚಿಸಲಿ.

ಕನ್ನಡಿಗರಾದ ನಮಗೆ ಅತ್ಯಂತ ಹತ್ತಿರದ ಉದಾಹರಣೆಯೆಂದರೆ ಫರ್ಡಿನಾಂಡ್ ಕಿಟ್ಟೆಲ್ ಅವರದು. ಜರ್ಮನಿಯಲ್ಲಿ 1832ರಲ್ಲಿ ಹುಟ್ಟಿದ ಅವರು 1853ರಲ್ಲಿ ಕನ್ನಡ ನಾಡಿಗೆ ಬಂದರು. 1860ರಲ್ಲಿ ಅವರ ಕೈಹಿಡಿದ ಪೌಲಿನ್ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಪೌಲಿನ್ ಅವರ ತಂಗಿ ಜೂಲಿಯವರನ್ನು ಕಿಟ್ಟೆಲ್ 1867ರಲ್ಲಿ ವಿವಾಹವಾದರು. 1877ರಲ್ಲಿ ಸಂಸಾರ ಜರ್ಮನಿಗೆ ಮರಳಿತು. ಸಾಮಾನ್ಯವಾಗಿ ಕಥೆ ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ನಿಘಂಟಿನ ಕೆಲಸ ಮುಗಿದಿರಲಿಲ್ಲ. 1883ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ಅವರು ಹೆಂಡತಿಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಹಡಗನ್ನೇರಿದರು. ಪಂಡಿತರೊಡನೆ ಕುಳಿತು, ತಾಳೆಗರಿಗಳನ್ನು ಬಿಡಿಸಿ, ಒಂದೊಂದು ಶಬ್ದಕ್ಕೂ ಪ್ರಯೋಗವನ್ನು ಹುಡುಕಿ ಅವರು ಇಲ್ಲಿ ಕಳೆದ ಕಾಲ ಒಂಬತ್ತು ವರ್ಷ. 1892ರಲ್ಲಿ ಮನೆಗೆ ಮರಳಿದಾಗ ಅವರಿಗೆ 60. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಅದರಲ್ಲಿರುವ ಶಬ್ದಗಳು ಸುಮಾರು 70,000. 1903ರಲ್ಲಿ ಅವರು ಕಣ್ಮುಚ್ಚಿದರು.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಹಡಗಿನ ದಾರಿ ಕಿರಿದಾಗಿತ್ತು, ಕಾಗದಗಳೂ ಬೇಗ ತಲಪುತ್ತಿದ್ದವು. ಆದರೂ ಒಂಬತ್ತು ವರ್ಷವೆಂದರೆ ಒಂದು ಮಗು ಬೆಳೆದು ದೊಡ್ಡದಾಗುವ ಕಾಲ. ಆ ಒಂಬತ್ತು ವರ್ಷ ಜೂಲಿಯವರ ಮನೆಯಲ್ಲಿ ತಂದೆಯ ಕುರ್ಚಿ ಬರಿದಾಗಿತ್ತು. ಮಕ್ಕಳ ಜ್ವರವನ್ನೂ ಪರೀಕ್ಷೆಯನ್ನೂ ಹಟವನ್ನೂ ಅವರು ಒಬ್ಬರೇ ನಿಭಾಯಿಸಿದರು. ನಿಘಂಟಿನ ಶೀರ್ಷಿಕೆಯ ಪುಟದಲ್ಲಿ ಅವರ ಹೆಸರಿಲ್ಲ. ಕಿಟ್ಟೆಲರ ಶ್ರಮಕ್ಕೆ ಕನ್ನಡವು ಎಂದೆಂದಿಗೂ ಋಣಿ ಎಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಆ ಋಣದ ಒಂದು ಪಾಲು ಸಾಗರದಾಚೆಯ ಒಂದು ಮನೆಗೂ ಸಲ್ಲಬೇಕು. ತ್ಯಾಗವೆಂಬ ಒಂದು ಪದವನ್ನು ಹೇಳಿ ಮುಗಿಸಿಬಿಟ್ಟರೆ ಆ ಲೆಕ್ಕ ತೀರುವುದಿಲ್ಲವೆಂದು ನಮ್ಮ ಅಭಿಪ್ರಾಯ. ಹಿರಿಯ ಕಾರ್ಯಗಳ ಬೆಲೆಯನ್ನು ಅನೇಕ ವೇಳೆ ಕೇಳದೆ ತೆರುವವರು ಮನೆಯಲ್ಲಿರುವವರೇ.

ಇಂದಿನ ಕಾಲದಲ್ಲಿ ಈ ಪದ್ಧತಿ ಬಹಳ ಬದಲಾಗಿದೆ. ಮಾರ್ಮನ್ನರೆಂದು ಪ್ರಸಿದ್ಧರಾದ ಅಮೆರಿಕದ ಕ್ರೈಸ್ತ ಪಂಗಡವೊಂದು ನಿವೃತ್ತ ದಂಪತಿಗಳನ್ನು ಜೊತೆಯಾಗಿಯೇ ಹೊರದೇಶಗಳಿಗೆ ಕಳುಹಿಸುತ್ತದೆ. 1993ರಿಂದ ಅವರ ಒಂದು ಮಿಷನ್ ಬೆಂಗಳೂರಿನಲ್ಲಿದೆ. ಮಕ್ಕಳನ್ನು ಬೆಳೆಸಿ ಮುಗಿಸಿದ ಗಂಡಹೆಂಡಿರು ತಮ್ಮದೇ ಖರ್ಚಿನಲ್ಲಿ ಆರು ತಿಂಗಳಿನಿಂದ ಎರಡು ವರ್ಷಗಳ ಒಳಗಿನ ಅವಧಿಗೆ ಹೊರಡುತ್ತಾರೆ. ಇಂಥವರ ಕೆಲಸ ಹೆಚ್ಚಾಗಿ ಸದ್ದಿಲ್ಲದ ಕೆಲಸ: ಕಛೇರಿಯ ಲೆಕ್ಕಪತ್ರ, ತರುಣ ಸೇವಕರ ವಸತಿಯ ಮೇಲ್ವಿಚಾರಣೆ, ಪರೋಪಕಾರದ ಯೋಜನೆಗಳ ಉಸ್ತುವಾರಿ. ಉಳಿದ ಹೊತ್ತು ಎಲ್ಲ ಮುದುಕರ ಹೊತ್ತಿನಂತೆಯೇ ಸಾಗುತ್ತದೆ. ನೀರನ್ನು ಕಾಯಿಸಬೇಕು, ಔಷಧಿಯನ್ನು ಮರೆಯದೆ ನುಂಗಬೇಕು, ಬಿಸಿಲೇರುವ ಮುನ್ನ ಪೇಟೆಗೆ ಹೋಗಿಬರಬೇಕು, ದೂರದ ಮೊಮ್ಮಕ್ಕಳ ಮುಖವನ್ನು ದೂರವಾಣಿಯ ಪರದೆಯ ಮೇಲೆ ನೋಡಿ ಮಲಗಬೇಕು.

ಎರಡು ಪದ್ಧತಿಗಳನ್ನು ಹೋಲಿಸಿದಾಗ ನಮಗೆ ತೋರುವುದು ಇಷ್ಟು. ಕಿಟ್ಟೆಲರು ನಾಡಿನ ಭಾಷೆಯನ್ನು ಆಳವಾಗಿ ಪಡೆದರು, ಮನೆಯನ್ನು ಕಳೆದುಕೊಂಡರು. ಇಂದಿನ ಹಿರಿಯ ದಂಪತಿಗಳು ಮನೆಯನ್ನು ಜೊತೆಯಲ್ಲಿಯೇ ಒಯ್ಯುತ್ತಾರೆ; ಆದರೆ ಒಂದೆರಡು ವರ್ಷಗಳಲ್ಲಿ ಭಾಷೆ ಕೈಗೆ ದಕ್ಕುವುದು ಕಷ್ಟ. ಒಡ್ಡನ್‌ಛತ್ರಂಗೆ ಬಂದ ವೈದ್ಯ ಕುಟುಂಬಗಳದು ಮೂರನೆಯ ಬಗೆ. ಅವರು ಹತ್ತಿರದ ನಾಡಿನಿಂದ ಬಂದರು, ಮನೆಯನ್ನು ಇಲ್ಲಿಯೇ ಹೂಡಿದರು, ರೋಗಿಯ ನೋವನ್ನು ರೋಗಿಯ ತಮಿಳಿನಲ್ಲಿಯೇ ಕೇಳುತ್ತ ವರ್ಷಗಳನ್ನು ಕಳೆದರು. ಮೂರರಲ್ಲಿ ಒಂದನ್ನು ಆರಿಸಬೇಕಾದರೆ ನಾವು ಈ ಮೂರನೆಯದನ್ನೇ ಆರಿಸುವೆವು. ಮನೆಯನ್ನೂ ಭಾಷೆಯನ್ನೂ ಒಟ್ಟಿಗೆ ಉಳಿಸಿಕೊಂಡ ಸೇವೆ ಹೆಚ್ಚು ಕಾಲ ಬಾಳುತ್ತದೆ.

ಈ ಮಾತನ್ನು ನಮ್ಮ ಜನ ಸುಲಭವಾಗಿ ಅರಿಯಬಲ್ಲರು. ಕಂಬಂ ಕಣಿವೆಯ ಕಪ್ಪಿಲಿಯರು, ಮಧುರೆ ದಿಂಡುಕ್ಕಲ್ ಸೀಮೆಯ ಅನುಪ್ಪರು, ಬೋಡಿನಾಯಕನೂರು ಮತ್ತು ಚಿನ್ನಾಳಪಟ್ಟಿಯ ದೇವಾಂಗರು, ಇವರೆಲ್ಲ ತಲೆತಲಾಂತರದಿಂದ ಪರಭಾಷೆಯ ನಾಡಿನಲ್ಲಿ ಮನೆ ಹೂಡಿದವರು. 1956ರಲ್ಲಿ ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ನಾವು ಗೆರೆಯ ಈಚೆಗೇ ಉಳಿದೆವು. ಹೊಲದಲ್ಲಿ, ಸಂತೆಯಲ್ಲಿ, ಶಾಲೆಯಲ್ಲಿ ತಮಿಳನ್ನು ಕಲಿತೆವು. ಕನ್ನಡ ಉಳಿದದ್ದು ಒಲೆಯ ಬಳಿಯಲ್ಲಿ, ತೊಟ್ಟಿಲಿನ ಬಳಿಯಲ್ಲಿ. ಅಕ್ಷರವನ್ನು ಕಾಣದ ನಮ್ಮ ಅಜ್ಜಿಯರು ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. ಅವರ ಹೆಸರೂ ಯಾವ ಪುಸ್ತಕದ ಮೊದಲ ಪುಟದಲ್ಲಿಯೂ ಇಲ್ಲ.

ಆದುದರಿಂದ ನಮ್ಮ ಓದುಗ ಕುಟುಂಬಗಳಲ್ಲಿ ಎರಡು ಬಿನ್ನಹಗಳು. ನಮ್ಮ ಬೀದಿಗೆ ಹೊರನಾಡಿನ ಹಿರಿಯ ದಂಪತಿಗಳು ಬಂದು ನೆಲೆಸಿದರೆ, ಅವರು ಯಾವ ಧರ್ಮದವರು, ಯಾವ ಕಾರ್ಯಕ್ಕೆ ಬಂದರು ಎಂದು ವಿಚಾರಿಸುವುದಕ್ಕೆ ಮುಂಚೆ, ಹಾಲು ಯಾವ ಹೊತ್ತಿಗೆ ಬರುತ್ತದೆ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಎಂಬುದನ್ನು ತಿಳಿಸಿರಿ. ಆ ಮನೆಯ ಹಿರಿಯಾಕೆಯನ್ನು ಆಕೆಯ ಮಕ್ಕಳ ವಿಷಯವಾಗಿ ಕೇಳಿರಿ. ಪರನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳುವವರು ವಿರಳ. ಎರಡನೆಯದಾಗಿ, ಈ ತಿಂಗಳು ಬಿಡುವು ಮಾಡಿಕೊಂಡು ನಿಮ್ಮ ಅಜ್ಜಿ, ಮುತ್ತಜ್ಜಿಯರ ಹೆಸರುಗಳನ್ನೂ, ಅವರು ಯಾವ ಊರಿನಿಂದ ಈ ಮನೆಗೆ ಬಂದರೆಂಬುದನ್ನೂ ಮಕ್ಕಳ ಕೈಯಿಂದ ಒಂದು ಪುಸ್ತಕದಲ್ಲಿ ಬರೆಯಿಸಿರಿ. ಕನ್ನಡದ ಅಕ್ಷರ ಬಾರದಿದ್ದರೆ ತಮಿಳಿನಲ್ಲಿಯೇ ಬರೆಯಲಿ. ಹೆಸರು ಉಳಿದರೆ ಅಕ್ಷರವನ್ನು ಮುಂದೆ ಕಲಿಸಿಕೊಳ್ಳಬಹುದು.