ರೂಮಿನ ತೊಟ್ಟಿ: ಬೆನ್ನು ಸೊಟ್ಟಾದ ಮರಿಗಳು

ರಾತ್ರಿ ಪಾಳಿ ಮುಗಿಸಿ ಬಂದು ಮೀನು ನೋಡ್ತಾ ಕೂರೋ ಗೆಳೆಯರೊಬ್ಬರು ಫೋಟೋ ಕಳಿಸಿದ್ದಾರೆ. ಅವರ ಕೊರಿಡೊರಾಸ್, ಅಂದ್ರೆ ತೊಟ್ಟಿ ತಳ ಕೆದಕೋ ಪುಟ್ಟ ಮೀಸೆ ಮೀನು, ಮರಿ ಹಾಕಿದೆ. ಮೂರಕ್ಕೆ ಬೆನ್ನು ಸೊಟ್ಟ.

ಮೊದಲು ಯಾವ ಮೀನು ಅಂತ ತಿಳ್ಕೊಳ್ಳಿ. ಇಲ್ಲಿನ ಅಂಗಡೀಲಿ 'ಆಕಾ-ಕೊರಿ' ಅಂದ್ರೆ ಮೈಗೆ ಕಂಚಿನ ಹೊಳಪು, ಮಚ್ಚೆ ಇಲ್ಲ. (ಹೆಸರು ಕೆಂಪು, ಮೀನೇನೂ ಕೆಂಪಗಿರಲ್ಲ.) 'ಆವೊ-ಕೊರಿ'ಗೆ ಕಪ್ಪು ಮಚ್ಚೆ. 'ಶಿರೋ-ಕೊರಿ' ಆಕಾದ್ದೇ ಬಿಳಿ ರೂಪ, ಕಣ್ಣು ಕೆಂಪು.

ಮೀಸೆ ಸವೆದಿದ್ರೆ ವಂಶವನ್ನ ಬೈಬೇಡಿ, ಹೆಚ್ಚಾಗಿ ತಳದ ಕೊಳೆಯೇ ಕಾರಣ. ಮರಳು ತೊಳೀರಿ. ಆದ್ರೆ ಹುಟ್ಟಿನಿಂದ್ಲೇ ಬೆನ್ನು ಸೊಟ್ಟ, ಕಿವಿರಿನ ಮುಚ್ಚಳ ಮೋಟು, ಒಂದು ಕಣ್ಣಿಲ್ಲ ಅಂದ್ರೆ ಒಡಹುಟ್ಟಿದ ಮೀನುಗಳೇ ಕೂಡಿರಬಹುದು. ಆಹಾರ, ನೀರಿನ ದೋಷದಿಂದ್ಲೂ ಹೀಗಾಗುತ್ತೆ; ನೀರು, ಆಹಾರ ಸರಿಮಾಡಿದ ಮೇಲೂ ಮುಂದಿನ ಮೊಟ್ಟೆಗಳಲ್ಲಿ ಅದೇ ಬಂದ್ರೆ ಅನುಮಾನ ಗಟ್ಟಿ. ಗೆಳೆಯರ ಆರೂ ಮೀನು ಒಂದೇ ಅಂಗಡಿಯ ಒಂದೇ ತೊಟ್ಟಿಯವು! ಊರಲ್ಲಿ ಸಗೋತ್ರ ನೋಡ್ತೀವಲ್ಲ, ಇಲ್ಲೂ ನೋಡ್ರಿ: ಬೇರೆ ಅಂಗಡಿಯಿಂದ ಗಂಡು ತನ್ನಿ.

ಸೊಟ್ಟ ಮರಿಗಳನ್ನ ಸಾಕಿ, ಅವುಗಳಿಂದ ಮರಿ ಮಾಡಿಸಬೇಡಿ. ಊರಿಗೆ ಹೊರಟಾಗ ಹೊಳೆಗಂತೂ ಬಿಡಬೇಡಿ. ಸಾಕಣೆಗೆಂದು ತಂದ ಅಮೆರಿಕದ ಚಾನೆಲ್ ಕ್ಯಾಟ್‌ಫಿಶ್ ಕಸುಮಿಗೌರಾ ಸರೋವರದಲ್ಲಿ ಹಬ್ಬಿಬಿಟ್ಟಿದೆ. 2005ರಿಂದ ಅದನ್ನ ಅನುಮತಿ ಇಲ್ಲದೆ ಸಾಕೋ ಹಾಗೂ ಇಲ್ಲ.